ಅಖಾಡದಲ್ಲಿ ಕರಗುತ್ತಿರುವ ಅಸಲು

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನ್ನಂಥವನಿಗೆ ನಿವೃತ್ತಿ ಎಂದರೆ ಒಂದು ಆದೇಶದ ಪ್ರತಿ. ಸೇವಾ ಪುಸ್ತಕದಲ್ಲಿನ ಜನ್ಮದಿನಾಂಕ ನೋಡಿ ಅದನ್ನು ಮೊದಲೇ ಸಿದ್ಧಪಡಿಸಿರುತ್ತಾರೆ. ತಿಂಗಳ ಕೊನೆಯ ದಿನ ಒಂದು ಹಾರ, ಒಂದು ಶಾಲು, ಎರಡು ಭಾಷಣ, ಮರುತಿಂಗಳಿನಿಂದ ಪಿಂಚಣಿ. 2025ರ ಏಪ್ರಿಲ್ 27ರಂದು ನಾನು ಕಂಡ ನಿವೃತ್ತಿ ಬೇರೆಯೇ ಬಗೆಯದು. ಜಪಾನಿನ ಯೊಕೊಹಾಮಾ ಅರೀನಾದಲ್ಲಿ ತಾಮ್ ನಕಾನೊ ಎಂಬ ಕುಸ್ತಿಪಟುವಿನ ಭುಜಗಳು ನೆಲಕ್ಕೆ ತಾಗಿದ್ದವು. ತೀರ್ಪುಗಾರರು ಮೂರು ಬಾರಿ ನೆಲ ಬಡಿದರು. ಮೂರನೆಯ ಬಡಿತಕ್ಕೆ ಪಂದ್ಯವಷ್ಟೇ ಅಲ್ಲ, ಆಕೆಯ ವೃತ್ತಿಜೀವನವೂ ಮುಗಿದುಹೋಯಿತು. ಸೋತವರು ಕುಸ್ತಿಯನ್ನೇ ಬಿಡಬೇಕೆಂಬುದು ಆ ಪಂದ್ಯದ ಷರತ್ತಾಗಿತ್ತು.

ಆ ದಿನಗಳಲ್ಲಿ ನಾನು ಟೋಕಿಯೊದ ಮಗಳ ಮನೆಯಲ್ಲಿದ್ದೆ. ಹನ್ನೆರಡು ವರ್ಷದ ಮೊಮ್ಮಗಳು ಈ ಕುಸ್ತಿಯ ಕಟ್ಟಾ ಅಭಿಮಾನಿ. ಅವಳ ಒತ್ತಾಯಕ್ಕೆ ಪಕ್ಕದಲ್ಲಿ ಕುಳಿತು ಪರದೆಯ ಮೇಲೆ ಪಂದ್ಯ ನೋಡಿದೆ. ಮುಗಿದಾಗ ಅವಳು ಕಣ್ಣೊರೆಸಿಕೊಳ್ಳುತ್ತ ಕೇಳಿದ ಪ್ರಶ್ನೆ ಇಷ್ಟೇ: ‘ತಾತ, ಅವರು ನಾಳೆಯಿಂದ ಏನು ಮಾಡುತ್ತಾರೆ?’ ಅರ್ಥಶಾಸ್ತ್ರ ಓದಿದ, ಹಲವು ಇಲಾಖೆಗಳ ಆಯವ್ಯಯ ನೋಡಿದ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ಮೊದಲಿಗೆ ಒಂದು ಆಕ್ಷೇಪಣೆಯನ್ನು ಬಗೆಹರಿಸಿಕೊಳ್ಳಬೇಕು. ವೃತ್ತಿಪರ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ನಿರ್ಧಾರವಾಗಿರುತ್ತದೆ. ಅಂಥದ್ದನ್ನು ವಿಮರ್ಶಿಸುವುದೇನಿದೆ ಎಂದು ಓದುಗರು ಕೇಳಬಹುದು. ಕೀಚಕ ಸಾಯುತ್ತಾನೆಂದು ಬಯಲಾಟದ ಪ್ರೇಕ್ಷಕರಿಗೆ ತಿಳಿದಿರುವುದಿಲ್ಲವೆ? ಆದರೂ ಬೆಳಗಿನ ಜಾವದವರೆಗೆ ಕೂರುತ್ತಾರೆ. ಆತ ಹೇಗೆ ಮೆರೆದ, ಹೇಗೆ ಬಿದ್ದ ಎಂಬುದರಲ್ಲಿ ಕಲೆಯಿದೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಬಯಲಾಟದ ಕೀಚಕ ಬೆಳಿಗ್ಗೆ ಬಣ್ಣ ತೊಳೆದು ಮನೆಗೆ ಹೋಗುತ್ತಾನೆ. ಕುಸ್ತಿಯಲ್ಲಿ ಫಲಿತಾಂಶ ಪೂರ್ವನಿರ್ಧರಿತವಾದರೂ ಬೀಳುವ ದೇಹ ನಿಜವಾದದ್ದು, ಮುರಿಯುವ ಮೂಳೆ ನಿಜವಾದದ್ದು.

ಜಪಾನಿನ ಮಹಿಳಾ ಕುಸ್ತಿಗೆ ದೀರ್ಘ ಇತಿಹಾಸವಿದೆ. 1968ರಲ್ಲಿ ಮತ್ಸುನಾಗಾ ಸಹೋದರರು ಆರಂಭಿಸಿದ ಆಲ್ ಜಪಾನ್ ವಿಮೆನ್ಸ್ ಸಂಸ್ಥೆ ಮೂರು ದಶಕಗಳಿಗೂ ಹೆಚ್ಚು ಕಾಲ ಈ ಕ್ಷೇತ್ರವನ್ನು ಆಳಿತು. ಮದ್ಯ, ತಂಬಾಕು, ಗಂಡಸರ ಸಹವಾಸ ಈ ಮೂರೂ ಅಲ್ಲಿನ ಹುಡುಗಿಯರಿಗೆ ನಿಷಿದ್ಧವಾಗಿದ್ದವು. ಇಪ್ಪತ್ತಾರರ ಆಸುಪಾಸಿಗೆ ಬಂದವರು ಜಾಗ ಖಾಲಿ ಮಾಡಬೇಕಿತ್ತು. ಎಂಬತ್ತರ ದಶಕದಲ್ಲಿ ಚಿಗುಸಾ ನಗಾಯೊ ಮತ್ತು ಲಯನೆಸ್ ಅಸುಕಾ ಜೋಡಿ ಇಡೀ ದೇಶದ ಶಾಲಾ ಬಾಲಕಿಯರ ಆರಾಧ್ಯದೈವವಾಯಿತು. 1985ರ ಆಗಸ್ಟ್ 28ರಂದು ಒಸಾಕಾದಲ್ಲಿ ಖಳನಾಯಕಿ ಡಂಪ್ ಮತ್ಸುಮೊತೊಗೆ ಸೋತ ನಗಾಯೊ ಅಖಾಡದಲ್ಲೇ ತಲೆ ಬೋಳಿಸಿಕೊಳ್ಳಬೇಕಾಯಿತು. ಸಭಾಂಗಣದ ತುಂಬ ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ಮತ್ಸುಮೊತೊ ಬದುಕನ್ನು ಆಧರಿಸಿ 2024ರಲ್ಲಿ ಬಂದ ಟಿ.ವಿ. ಸರಣಿಯನ್ನು ನಮ್ಮಲ್ಲಿಯೂ ಕೆಲವರು ನೋಡಿರಬಹುದು.

ಆದರೆ ಕೂದಲು ಮತ್ತೆ ಬೆಳೆಯುತ್ತದೆ. ಮರುವರ್ಷ ನಗಾಯೊ ಅದೇ ಮತ್ಸುಮೊತೊರನ್ನು ಸೋಲಿಸಿ ಸೇಡು ತೀರಿಸಿಕೊಂಡರು. 1989ರಲ್ಲಿ ನಿವೃತ್ತರಾದರೂ ಕೆಲವು ವರ್ಷಗಳ ನಂತರ ಮರಳಿ ಬಂದು ತಮ್ಮದೇ ಸಂಸ್ಥೆ ಕಟ್ಟಿದರು. ಒಸಾಕಾದ ಆ ಸಂಜೆ ಎಷ್ಟು ಕ್ರೂರವಾಗಿ ಕಂಡರೂ ಅದು ಬಡ್ಡಿಯನ್ನು ಖರ್ಚು ಮಾಡಿದ ಸಂಜೆ, ಅಸಲು ಉಳಿದಿತ್ತು. ಇಂದಿನ ಪಂದ್ಯಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ. ಅಸಲನ್ನೇ ಕರಗಿಸಿ ಅದನ್ನು ಲಾಭವೆಂದು ತೋರಿಸುವ ಲೆಕ್ಕಪತ್ರ ಈಗ ನಡೆಯುತ್ತಿದೆ.

ಇಂದು ಈ ಕ್ಷೇತ್ರದ ಅತಿದೊಡ್ಡ ಸಂಸ್ಥೆ ಸ್ಟಾರ್‌ಡಮ್. 2011ರ ಜನವರಿಯಲ್ಲಿ ಮೊದಲ ಪ್ರದರ್ಶನ ನೀಡಿದ ಇದನ್ನು 2019ರಲ್ಲಿ ಬುಷಿರೋಡ್ ಎಂಬ ಮನರಂಜನಾ ಕಂಪನಿ ಕೊಂಡುಕೊಂಡಿತು. 2021ರ ಮಾರ್ಚ್ 3ರಂದು, ಜಪಾನೀಯರು ಹೆಣ್ಣುಮಕ್ಕಳಿಗಾಗಿ ಬೊಂಬೆ ಹಬ್ಬ ಆಚರಿಸುವ ದಿನ, ಬುಡೊಕಾನ್ ಸಭಾಂಗಣದಲ್ಲಿ ಇದೇ ನಕಾನೊ ಜೂಲಿಯಾ ಎಂಬ ಎದುರಾಳಿಯನ್ನು ಸೋಲಿಸಿದರು; ಜೂಲಿಯಾ ತಲೆ ಬೋಳಿಸಿಕೊಂಡರು. 2024ರ ಡಿಸೆಂಬರ್ 29ರಂದು ಸಾಯಾ ಕಮಿತಾನಿ ನಕಾನೊ ಅವರಿಂದ ಪ್ರಧಾನ ಪ್ರಶಸ್ತಿ ಕಸಿದುಕೊಂಡರು. 2025ರ ಮಾರ್ಚ್ 3ರಂದು ಇಬ್ಬರೂ ಮತ್ತೆ ಎದುರಾದರು. ಸೋತವರು ಸಂಸ್ಥೆ ಬಿಡಬೇಕೆಂಬ ಷರತ್ತು. ನಕಾನೊ ಸೋತರು. ಅಲ್ಲಿಂದ ಐವತ್ತೈದೇ ದಿನಕ್ಕೆ ಯೊಕೊಹಾಮಾದಲ್ಲಿ ಮತ್ತೊಂದು ಪಂದ್ಯ; ಸೋತವರು ವೃತ್ತಿಯನ್ನೇ ಬಿಡಬೇಕೆಂಬ ಷರತ್ತು. ಮೊದಲು ಕೂದಲು, ಆಮೇಲೆ ಪಟ್ಟ, ಆಮೇಲೆ ಮನೆ, ಕೊನೆಗೆ ಬದುಕು. ಪಣ ಹೀಗೆ ಏರುತ್ತಾ ಹೋದರೆ ಮುಂದೆ ಒಡ್ಡಲು ಏನು ಉಳಿಯುತ್ತದೆ?

ಯೊಕೊಹಾಮಾ ಪಂದ್ಯ ಕಳಪೆಯಾಗಿತ್ತೆಂದು ನಾನು ಹೇಳುತ್ತಿಲ್ಲ. ಕಮಿತಾನಿ 2024ರ ಬೇಸಿಗೆಯಲ್ಲಿ ಸಂಗಾತಿಗಳಿಗೆ ದ್ರೋಹ ಬಗೆದು ಖಳಪಾತ್ರ ವಹಿಸಿಕೊಂಡವರು. ಅದಕ್ಕೂ ಮುನ್ನ ಹಗ್ಗದ ಮೇಲಿನಿಂದ ಹಾರುವ ಸಾಹಸಕ್ಕೆ ಹೆಸರಾಗಿದ್ದ ಅವರು ಈ ಪಾತ್ರದಲ್ಲಿ ನಿಧಾನವನ್ನು ಕಲಿತರು. ಒಂದು ತಿರಸ್ಕಾರದ ನೋಟಕ್ಕೆ ಎಷ್ಟು ಬೆಲೆ ಇದೆಯೆಂದು ಅರಿತುಕೊಂಡರು. ಒಳ್ಳೆಯ ಖಳನಿಲ್ಲದೆ ಒಳ್ಳೆಯ ನಾಯಕಿ ಇರಲಾರಳು ಎಂಬ ಹಳೆಯ ಸತ್ಯವನ್ನು ಅವರು ಮತ್ತೆ ಸಾಬೀತುಪಡಿಸಿದರು. ಟೋಕಿಯೊ ಸ್ಪೋರ್ಟ್ಸ್ ಪತ್ರಿಕೆ 1974ರಿಂದ ನೀಡುತ್ತ ಬಂದಿರುವ ವರ್ಷದ ಶ್ರೇಷ್ಠ ಕುಸ್ತಿಪಟು ಗೌರವ 2025ರಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆಗೆ, ಅಂದರೆ ಕಮಿತಾನಿಗೆ ಸಂದಿತು. ಅದು ಅರ್ಹರಿಗೇ ಸಂದ ಗೌರವ. ಯೊಕೊಹಾಮಾದಲ್ಲಿ ಸೇರಿದ್ದ ಏಳು ಸಾವಿರಕ್ಕೂ ಹೆಚ್ಚು ಜನ ಸುಮ್ಮನೆ ಬಂದವರಲ್ಲ.

ದೋಷವಿರುವುದು ಪಂದ್ಯಗಳ ಕಟ್ಟಡದಲ್ಲಿ. ಕುಸ್ತಿಪಟು ತನ್ನ ಅತಿ ಪ್ರಬಲ ಪಟ್ಟನ್ನು ಪ್ರಯೋಗಿಸಿದಾಗ ಪಂದ್ಯ ಮುಗಿಯಬೇಕು. ಆ ಪಟ್ಟಿಗೆ ಇರುವ ಮೌಲ್ಯವೇ ಅದು. ಈಚಿನ ವರ್ಷಗಳ ದೊಡ್ಡ ಪಂದ್ಯಗಳಲ್ಲಿ ಎದುರಾಳಿ ಎರಡರ ಎಣಿಕೆ ದಾಟಿ ಮೂರನೆಯದು ಬೀಳುವ ಕ್ಷಣಕ್ಕೆ ಭುಜ ಎತ್ತುತ್ತಾಳೆ. ಮತ್ತೊಮ್ಮೆ ಅದೇ ಪಟ್ಟು, ಮತ್ತೊಮ್ಮೆ ಭುಜ. ನಂತರ ಎದುರಾಳಿಯ ಪಟ್ಟನ್ನೇ ಎರವಲು ಪಡೆದು ಆಕೆಯ ಮೇಲೆಯೇ ಪ್ರಯೋಗ. ಇದು ನೋಟು ಮುದ್ರಿಸುವ ಸರ್ಕಾರದ ಕಥೆ. ಮೊದಲ ಕಂತಿಗೆ ಮಾರುಕಟ್ಟೆ ಚುರುಕಾಗುತ್ತದೆ. ಜನ ಎದ್ದು ನಿಲ್ಲುತ್ತಾರೆ. ಹತ್ತನೆಯ ಕಂತಿಗೆ ಹಣದ ಬೆಲೆ ಬಿದ್ದಿರುತ್ತದೆ. ಅದೇ ಉದ್ಗಾರವನ್ನು ಕೊಳ್ಳಲು ಹೆಚ್ಚು ಎತ್ತರದಿಂದ ಬೀಳಬೇಕು, ಕತ್ತಿನ ಮೇಲೆ ಬೀಳಬೇಕು.

2021ರ ಜೂನ್ 12ರಂದು ಉತಾಮಿ ಹಯಾಶಿಶಿತಾ ಮತ್ತು ಷೂರಿ ನಡುವಿನ ಪಂದ್ಯ ಮೂವತ್ತು ನಿಮಿಷಕ್ಕೆ ಸಮಬಲವಾಗಿ, ಮುಂದುವರಿದು, ಒಟ್ಟು 43 ನಿಮಿಷದ ನಂತರ ಇಬ್ಬರೂ ಮೇಲೇಳಲಾರದೆ ಮುಗಿಯಿತು. ವಿದೇಶಿ ವಿಮರ್ಶಕರು ಅದಕ್ಕೆ ಐದು ನಕ್ಷತ್ರಕ್ಕೂ ಮಿಗಿಲಾದ ಶ್ರೇಯಾಂಕ ಕೊಟ್ಟರು. ಅದು ಆ ಹೊಗಳಿಕೆಗೆ ಯೋಗ್ಯವಾದ ಪಂದ್ಯವೇ ಹೌದು. ಆದರೆ ಅಪವಾದವಾಗಿ ಉಳಿಯಬೇಕಿದ್ದುದು ಮಾನದಂಡವಾದಾಗ ಪ್ರತಿ ಪ್ರಧಾನ ಪಂದ್ಯವೂ ಅದಕ್ಕೆ ಸಾಟಿಯಾಗಲು ಹೆಣಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಏನೆಂಬುದಕ್ಕೆ ಮತ್ತೊಂದು ಉದಾಹರಣೆ ಸಾಕು. ಸ್ಟಾರ್‌ಡಮ್‌ನಿಂದ ಹೊರಬಿದ್ದ ಸಂಸ್ಥಾಪಕ ರೊಸ್ಸಿ ಒಗಾವಾ 2024ರ ಮೇ 20ರಂದು ಮಾರಿಗೋಲ್ಡ್ ಎಂಬ ಹೊಸ ಸಂಸ್ಥೆಯ ಮೊದಲ ಪ್ರದರ್ಶನ ನಡೆಸಿದರು. ಅದೇ ಸಂಜೆ ಅದರ ತಾರೆ ಜೂಲಿಯಾ ಅವರ ಮಣಿಕಟ್ಟಿನ ಮೂಳೆ ಮುರಿಯಿತು. ಎಂಟು ವಾರ ತುಂಬುವ ಮೊದಲೇ, ಜುಲೈ 13ರಂದು, ರ್ಯೊಗೊಕು ಕೊಕುಗಿಕಾನ್‌ನಲ್ಲಿ ಅವರು ಸರೀ ವಿರುದ್ಧ ಪ್ರಶಸ್ತಿ ಪಂದ್ಯಕ್ಕೆ ಇಳಿದರು. ಸರೀ ಗೆದ್ದರು. ಹಳೆಯ ಕಾಲದವರಂತೆ ಕಡಿಮೆ ಪಟ್ಟುಗಳಲ್ಲಿ ಹೆಚ್ಚು ಕೋಪ ತುಂಬಬಲ್ಲ ಸರೀ ಅವರ ಕುಸ್ತಿ ನನಗೆ ಬಹಳ ಇಷ್ಟ. ಆದರೂ ಆ ಪಂದ್ಯ ನೋಡುವಾಗ ನನ್ನ ಕಣ್ಣು ಜೂಲಿಯಾ ಅವರ ಮಣಿಕಟ್ಟಿನಿಂದ ಕದಲಲಿಲ್ಲ. ಕಾರ್ಖಾನೆಯೊಂದು ಯಂತ್ರಗಳ ಸವಕಳಿಗೆ ಹಣ ತೆಗೆದಿಡದೆ ಲಾಭ ತೋರಿಸಿದರೆ ಲೆಕ್ಕಪರಿಶೋಧಕರು ಆಕ್ಷೇಪಿಸುತ್ತಾರೆ. ಇಲ್ಲಿ ಸವೆಯುತ್ತಿರುವುದು ಮನುಷ್ಯರು, ಆಕ್ಷೇಪಿಸುವ ಪರಿಶೋಧಕರಿಲ್ಲ.

ಅಪಾಯ ಕಾಲ್ಪನಿಕವಲ್ಲ. 1997ರ ಆಗಸ್ಟ್‌ನಲ್ಲಿ ಹಿರೊಶಿಮಾದಲ್ಲಿ ಪಂದ್ಯದ ನಡುವೆ ಪ್ರಜ್ಞೆ ತಪ್ಪಿದ ಪ್ಲಮ್ ಮರಿಕೊ ಮರಳಿ ಏಳಲಿಲ್ಲ. 2015ರ ಫೆಬ್ರುವರಿ 22ರಂದು ಕೊರಾಕುಯೆನ್ ಹಾಲ್‌ನಲ್ಲಿ ನಟನೆಯ ಗೆರೆ ದಾಟಿದ ನಿಜವಾದ ಹೊಡೆತಗಳಿಗೆ ಆಕ್ಟ್ ಯಸುಕಾವಾ ಅವರ ಮುಖದ ಮೂಳೆಗಳು ಮುರಿದವು. ಗಾಯ ದೇಹಕ್ಕೆ ಮಾತ್ರ ಆಗುವುದೂ ಅಲ್ಲ. 2020ರ ಮೇ 23ರಂದು ಇಪ್ಪತ್ತೆರಡರ ಹಾನಾ ಕಿಮುರಾ ತೀರಿಕೊಂಡರು. ರಿಯಾಲಿಟಿ ಕಾರ್ಯಕ್ರಮವೊಂದರ ನಂತರ ಅಂತರ್ಜಾಲದಲ್ಲಿ ಅವರ ಮೇಲೆ ಸುರಿದ ನಿಂದನೆ ದೇಶವನ್ನೇ ಬೆಚ್ಚಿಬೀಳಿಸಿತು. ಆಕೆಯ ತಾಯಿ, ಸ್ವತಃ ಕುಸ್ತಿಪಟುವಾಗಿದ್ದ ಕ್ಯೊಕೊ ಕಿಮುರಾ ಸುಮ್ಮನೆ ಕೂರಲಿಲ್ಲ. ನಿಂದನೆ ಮಾಡಿದ ಕೆಲವರಿಗೆ ಬಿದ್ದದ್ದು ತಲಾ 9,000 ಯೆನ್ ದಂಡ ಮಾತ್ರ. 2022ರಲ್ಲಿ ಜಪಾನ್ ಸಂಸತ್ತು ದಂಡಸಂಹಿತೆ ತಿದ್ದಿ, ಅವಮಾನದ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಮೂರು ಲಕ್ಷ ಯೆನ್‌ವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ಒಬ್ಬ ಕುಸ್ತಿಪಟುವಿನ ಸಾವು ಒಂದು ದೇಶದ ಕಾನೂನನ್ನು ಬದಲಿಸಿತು. ಅಖಾಡದೊಳಗಿನ ನಿಯಮಗಳನ್ನು ಬದಲಿಸಲು ಏಕೆ ಸಾಧ್ಯವಿಲ್ಲ?

ಅವರು ವಯಸ್ಕರು, ತಮ್ಮಿಚ್ಛೆಯಿಂದ ಆರಿಸಿಕೊಂಡ ವೃತ್ತಿ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಇಪ್ಪತ್ತಾರಕ್ಕೆ ಹೊರದಬ್ಬುವ ಪದ್ಧತಿ ಈಗಿಲ್ಲ. 1987ರಲ್ಲಿ ಅಖಾಡಕ್ಕೆ ಬಂದ ಮನಾಮಿ ತೊಯೊತಾ 2017ರವರೆಗೆ ಆಡಿದರು. 1961ರಲ್ಲಿ ಜನಿಸಿದ ಜಾಗ್ವಾರ್ ಯೊಕೊತಾ ಅರವತ್ತು ದಾಟಿದ ಮೇಲೂ ಕುಸ್ತಿಯಾಡಿದ್ದಾರೆ. ಅರವತ್ತಕ್ಕೆ ಸರ್ಕಾರ ನನ್ನನ್ನು ಮನೆಗೆ ಕಳುಹಿಸಿತ್ತು! ಆದರೆ ಆಯ್ಕೆ ಮುಕ್ತವೆನ್ನಲು ಚೌಕಾಸಿಯ ಬಲವೂ ಬೇಕು. ಕೊರಾಕುಯೆನ್ ಹಾಲ್‌ಗೆ ಮೊಮ್ಮಗಳೊಡನೆ ಒಂದು ಸಂಜೆ ಹೋಗಿದ್ದೆ. ಸಾವಿರದೈನೂರು ಜನ ಹಿಡಿಸಬಹುದಾದ ಹಳೆಯ ಸಭಾಂಗಣ. ಸುತ್ತ ಕುಳಿತವರಲ್ಲಿ ಹೆಚ್ಚಿನವರು ಮಧ್ಯವಯಸ್ಸಿನ ಗಂಡಸರು. 1985ರ ಆ ಶಾಲಾ ಬಾಲಕಿಯರ ಜಾಗದಲ್ಲಿ ನನ್ನ ಮೊಮ್ಮಗಳಂಥವರು ಬೆರಳೆಣಿಕೆಯಷ್ಟು. ಹೆಸರು ಕೂಗಿದಾಗ ಬಣ್ಣಬಣ್ಣದ ಕಾಗದದ ಸುರುಳಿಗಳು ಅಖಾಡದತ್ತ ಹಾರಿದವು. ಪಂದ್ಯಗಳು ಮುಗಿದ ಮೇಲೆ ಅದೇ ಹುಡುಗಿಯರು ಬೆವರು ಆರುವ ಮೊದಲೇ ಮೇಜಿನ ಹಿಂದೆ ನಿಂತು ತಮ್ಮ ಭಾವಚಿತ್ರಗಳಿಗೆ ಸಹಿ ಹಾಕಿ ಮಾರುತ್ತಿದ್ದರು. ಒಬ್ಬಾಕೆ ಎಡಗೈಗೆ ಹಿಮದ ಚೀಲ ಕಟ್ಟಿಕೊಂಡು ಬಲಗೈಯಲ್ಲಿ ಸಹಿ ಹಾಕುತ್ತಿದ್ದುದು ಇನ್ನೂ ಕಣ್ಣ ಮುಂದಿದೆ. ಚೌಕಾಸಿಯ ಬಲ ಇರುವವರು ಹಾಗೆ ನಿಲ್ಲುವುದಿಲ್ಲ.

ಪರಿಹಾರ ದೊಡ್ಡದೇನಲ್ಲ. 2023ರಲ್ಲಿ ಜಪಾನಿನ ಪ್ರಮುಖ ಕುಸ್ತಿ ಸಂಸ್ಥೆಗಳು ಸೇರಿ ಒಂದು ಒಕ್ಕೂಟ ರಚಿಸಿಕೊಂಡಿವೆ. ಸ್ಟಾರ್‌ಡಮ್ ಕೂಡ ಅದರಲ್ಲಿದೆ. ಗಾಯಗೊಂಡವರು ಯಾವಾಗ ಮರಳಬೇಕೆಂಬುದನ್ನು ಸಂಸ್ಥೆಯ ಸಂಬಳ ಪಡೆಯದ ವೈದ್ಯರು ತೀರ್ಮಾನಿಸಲಿ. ಪ್ರತಿ ಟಿಕೆಟಿನ ಒಂದು ಪಾಲು ಭವಿಷ್ಯನಿಧಿಗೆ ಹೋಗಲಿ. ವೃತ್ತಿಯನ್ನು ಪಣಕ್ಕಿಡುವ ಪಂದ್ಯ ಏರ್ಪಡಿಸುವ ಸಂಸ್ಥೆ ಸೋತವರ ಮುಂದಿನ ಕೆಲವು ವರ್ಷಗಳ ಜೀವನೋಪಾಯಕ್ಕೆ ಹೊಣೆಯಾಗಲಿ. ಆಗ ಅಂಥ ಪಂದ್ಯಗಳು ತಾವಾಗಿಯೇ ವಿರಳವಾಗುತ್ತವೆ. ದುಬಾರಿಯಾದದ್ದನ್ನು ಯಾರೂ ಪದೇ ಪದೇ ಬಳಸುವುದಿಲ್ಲ. ಪ್ರೇಕ್ಷಕರಿಗೂ ಒಂದು ಕರ್ತವ್ಯವಿದೆ. ಹದಿನೈದು ನಿಮಿಷದಲ್ಲಿ ಒಂದೇ ಪಟ್ಟಿಗೆ ಮುಗಿದ ಒಳ್ಳೆಯ ಪಂದ್ಯಕ್ಕೂ ಎದ್ದು ನಿಂತು ಚಪ್ಪಾಳೆ ತಟ್ಟುವುದನ್ನು ಅವರು ಕಲಿಯಬೇಕು.

ಈ ಕಲೆ ಸಾಯಬಾರದೆಂಬ ಆಸೆಯಿಂದಲೇ ಇಷ್ಟು ಬರೆದಿದ್ದೇನೆ. 2005ರ ಏಪ್ರಿಲ್ ಒಂದೇ ತಿಂಗಳಲ್ಲಿ ಆಲ್ ಜಪಾನ್ ವಿಮೆನ್ಸ್ ಹಾಗೂ ನಗಾಯೊ ಕಟ್ಟಿದ ಗಾಯಿಯಾ ಎರಡೂ ಬಾಗಿಲು ಮುಚ್ಚಿದ್ದವು. 1994ರಲ್ಲಿ ಟೋಕಿಯೊ ಡೋಮ್ ತುಂಬಿಸಿದ್ದ ಕಲೆಗೆ ಹನ್ನೊಂದೇ ವರ್ಷದಲ್ಲಿ ಬಂದ ಗತಿ ಅದು. ವೈಭವದ ದಿನಗಳಲ್ಲೇ ಉಳಿತಾಯ ಮಾಡಬೇಕೆಂಬ ಪಾಠವನ್ನು ಅದಕ್ಕಿಂತ ಸ್ಪಷ್ಟವಾಗಿ ಯಾರು ಕಲಿಸಬಲ್ಲರು?

ಊರಿಗೆ ಮರಳಿದ ಮೇಲೆ ಮೊಮ್ಮಗಳು ಫೋನಿನಲ್ಲಿ ಒಮ್ಮೊಮ್ಮೆ ಕುಸ್ತಿಯ ಸುದ್ದಿ ಹೇಳುತ್ತಾಳೆ. ದೊಡ್ಡವಳಾದ ಮೇಲೆ ತಾನೂ ಕುಸ್ತಿಪಟುವಾಗುವುದಾಗಿ ಕಳೆದ ಸಲ ಹೇಳಿದಳು. ಬೇಡವೆನ್ನಲು ನನಗೆ ಮನಸ್ಸು ಬರಲಿಲ್ಲ. ಆಗು ಎನ್ನಲು ಧೈರ್ಯವಾಗಲಿಲ್ಲ. ‘ನಾಳೆಯಿಂದ ಏನು ಮಾಡುತ್ತಾರೆ’ ಎಂಬ ಅವಳ ಪ್ರಶ್ನೆಗೆ ಆ ಸಂಸ್ಥೆಗಳು ಉತ್ತರ ಕೊಟ್ಟ ದಿನ ನಾನೂ ಉತ್ತರ ಕೊಡುತ್ತೇನೆ.