ಕಾಗದದ ಕಂಬಗಳು

ಬಟ್ಟೆಯಂಗಡಿಯಲ್ಲಿ ಬಟ್ಟೆ ಸುತ್ತಿಡುವ ದಪ್ಪ ಕಾಗದದ ಕೊಳವೆಯನ್ನು ತಾವೆಲ್ಲ ಕಂಡಿದ್ದೀರಿ. ಬಟ್ಟೆ ಮುಗಿದ ಮೇಲೆ ಅದು ಮೂಲೆ ಸೇರುತ್ತದೆ. ಮಕ್ಕಳ ಕೈಗೆ ಸಿಕ್ಕರೆ ತುತ್ತೂರಿಯಾಗುತ್ತದೆ. ಅದರಿಂದ ಮನೆ ಕಟ್ಟಬಹುದೆಂದರೆ ನಗು ಬರುವುದು ಸಹಜ. ಕಟ್ಟಿ ತೋರಿಸಿದವರು ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್. ನಮ್ಮ ಕಿವಿಗೆ ಇದು ಆಕಾಶದ ಹೆಸರು. ಬಾನಲ್ಲದೆ ಬೇರೆ ಸೂರಿಲ್ಲದವರಿಗಾಗಿ ದುಡಿದವರಿಗೆ ಒಪ್ಪುವ ಹೆಸರೇ ಸರಿ.

1986ರಲ್ಲಿ ಟೋಕಿಯೊದ ಒಂದು ಪ್ರದರ್ಶನದ ಸಜ್ಜಿಗೆ ಮರ ದುಬಾರಿಯೆನಿಸಿ ಅವರು ಈ ಕೊಳವೆಗಳನ್ನು ಬಳಸಿದರು. ಅವು ಎಣಿಸಿದ್ದಕ್ಕಿಂತ ಗಟ್ಟಿಯಾಗಿದ್ದವು. 1994ರಲ್ಲಿ ರುವಾಂಡಾದ ನರಮೇಧದಿಂದ ಲಕ್ಷಾಂತರ ಜನ ನಿರಾಶ್ರಿತರಾದಾಗ ವಿಶ್ವಸಂಸ್ಥೆ ಅವರಿಗೆ ಪ್ಲಾಸ್ಟಿಕ್ ಹಾಳೆಗಳನ್ನೂ ಅಲ್ಯೂಮಿನಿಯಂ ಕಂಬಗಳನ್ನೂ ಕೊಟ್ಟಿತು. ಹಸಿದವರು ಕಂಬಗಳನ್ನು ಮಾರಿಕೊಂಡು, ಗುಡಾರಕ್ಕೆ ಕಾಡಿನ ಮರ ಕಡಿದು ತಂದರು. ಅವರನ್ನು ದೂರುವುದು ಹೇಗೆ? ಕಾಗದದ ಕಂಬಕ್ಕೆ ಅಂಥ ಮಾರುಬೆಲೆಯಿಲ್ಲ. ಅದೇ ಅದರ ಗುಣವೆಂದು ಬಾನ್ ಜಿನೀವಾಕ್ಕೆ ಹೋಗಿ ವಾದಿಸಿದರು.

1995ರ ಜನವರಿ 17ರ ಮುಂಜಾನೆ ಜಪಾನಿನ ಕೋಬೆ ನಗರ ನಡುಗಿತು. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ನಗಾತಾ ಎಂಬ ಭಾಗದಲ್ಲಿ ಬೆಂಕಿ ಹಬ್ಬಿ, ವಿಯೆಟ್ನಾಮಿನಿಂದ ಬಂದು ನೆಲೆಸಿದ್ದವರು ಕೂಡುತ್ತಿದ್ದ ಇಗರ್ಜಿಯೂ ಸುಟ್ಟುಹೋಯಿತು. ಕಾಗದದ ಇಗರ್ಜಿ ಕಟ್ಟಿಕೊಡುತ್ತೇನೆಂದು ಬಂದ ಬಾನ್ ಅವರಿಗೆ ಪಾದ್ರಿಗಳು ಮೊದಲು ಒಪ್ಪಲಿಲ್ಲ. ಬೆಂಕಿಗೆ ಬಲಿಯಾದ ಜಾಗದಲ್ಲಿ ಕಾಗದವೆ! ಯಾರಾದರೂ ಹಾಗೆಯೇ ಹೇಳುತ್ತಿದ್ದರು. ಬಾನ್ ಮತ್ತೆ ಮತ್ತೆ ಹೋದರು. ಆ ವಿಯೆಟ್ನಾಮೀಯರು ಉದ್ಯಾನದಲ್ಲಿ ಪ್ಲಾಸ್ಟಿಕ್ ಹಾಳೆಯಡಿ ಬದುಕುತ್ತಿದ್ದುದು ಆಗ ಅವರ ಕಣ್ಣಿಗೆ ಬಿತ್ತು. ಸರ್ಕಾರದ ತಾತ್ಕಾಲಿಕ ಮನೆಗಳು ದೂರದಲ್ಲಿದ್ದವು. ಅಲ್ಲಿಗೆ ಹೋದರೆ ಹತ್ತಿರದ ಕಾರ್ಖಾನೆಯ ಕೆಲಸ ತಪ್ಪುತ್ತಿತ್ತು.

ಮನೆಯ ವಿಷಯದಲ್ಲಿ ದಾನಿಗಳು ಮರೆಯುವುದು ಇದನ್ನೇ. ಸೂರು ಕೊಟ್ಟು ಅನ್ನದ ದಾರಿಯಿಂದ ದೂರ ಮಾಡಿದರೆ ಅದು ಎಂಥ ಉಪಕಾರ?

ಬಾನ್ ಅವರಿದ್ದಲ್ಲಿಯೇ ಕಟ್ಟಿದರು. ಬಿಯರ್ ಸೀಸೆಗಳನ್ನಿಡುವ ಪ್ಲಾಸ್ಟಿಕ್ ಕ್ರೇಟುಗಳಿಗೆ ಮರಳಿನ ಚೀಲ ತುಂಬಿದರೆ ತಳಪಾಯ. 106 ಮಿಲಿಮೀಟರು ವ್ಯಾಸದ ಕೊಳವೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದರೆ ಗೋಡೆ. ಮೇಲೆ ಗುಡಾರದ ಬಟ್ಟೆ. ಕೊಳವೆಗಳ ಗೋಡೆ ಕೇವಲ 4 ಮಿಲಿಮೀಟರು ದಪ್ಪ. ಸಂದುಗಳಲ್ಲಿ ನೀರಿಳಿಯದಂತೆ ಸ್ಪಂಜಿನ ಅಂಟುಪಟ್ಟಿ. ದುಡಿದವರು ಸ್ವಯಂಸೇವಕರು, ಬಹುಪಾಲು ವಿದ್ಯಾರ್ಥಿಗಳು. ನಕ್ಷೆ ಬರೆಯಲು ಕಲಿತವರು ಮರಳು ಹೊತ್ತರು. ಹೀಗೆ ಸರಳವಾಗಿದ್ದುದರಿಂದಲೇ ಕಸುಬು ತಿಳಿಯದ ಕೈಗೂ ಕೆಲಸ ದೊರೆಯಿತು. ಅದೇ ವರ್ಷ 160 ಮಂದಿ ಸೇರಿ ಐದು ವಾರಗಳಲ್ಲಿ 58 ಕಾಗದದ ಕಂಬಗಳ ಇಗರ್ಜಿಯನ್ನೂ ಎಬ್ಬಿಸಿದರು. ಪಾದ್ರಿಗಳು ಅಷ್ಟರಲ್ಲಿ ಒಪ್ಪಿದ್ದರು.

ನಮ್ಮ ದೇಶಕ್ಕೂ ಈ ಕೊಳವೆಗಳು ಬಂದವು. 2001ರ ಗಣರಾಜ್ಯೋತ್ಸವದ ದಿನ ಕಚ್ಛ್ ಕುಸಿದ ಮೇಲೆ ಭುಜ್‌ನಲ್ಲಿ ಬಿಯರ್ ಕ್ರೇಟುಗಳು ಸಿಗಲಿಲ್ಲ. ಬಿದ್ದ ಮನೆಗಳ ಕಲ್ಲುಮಣ್ಣೇ ತಳಪಾಯವಾಯಿತು. ಮೇಲೆ ಅಲ್ಲಿಯ ವಾಡಿಕೆಯಂತೆ ಮಣ್ಣಿನ ನೆಲ. ಸೀಳಿದ ಬಿದಿರನ್ನು ಕಮಾನಾಗಿ ಬಾಗಿಸಿ, ಹೆಣೆದ ಚಾಪೆಗಳ ನಡುವೆ ಪ್ಲಾಸ್ಟಿಕ್ ಹಾಸಿ ಛಾವಣಿ ಮಾಡಿದರು. ಎರಡು ತುದಿಗಳಲ್ಲಿ ಗಾಳಿ ಆಡುತ್ತಿದ್ದುದರಿಂದ ಒಳಗೇ ಒಲೆ ಹಚ್ಚಬಹುದಾಗಿತ್ತು. ಹೊಗೆಗೆ ಸೊಳ್ಳೆಯೂ ದೂರ. ಕೋಬೆಯ ಮನೆಯನ್ನು ಹಾಗೆಯೇ ಎತ್ತಿ ತಂದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಕಾಗದದ ಮನೆ ಶಾಶ್ವತ ಪರಿಹಾರವಲ್ಲವೆಂಬ ಆಕ್ಷೇಪ ನಿಜ. ಆದರೆ ಪಕ್ಕಾ ಮನೆ ಬರುವವರೆಗಿನ ಮಳೆಗಾಲಗಳನ್ನು ಯಾರು ಕಳೆಯಬೇಕು?

2014ರಲ್ಲಿ ಬಾನ್ ಅವರಿಗೆ ಪ್ರಿಟ್ಸ್ಕರ್ ಪ್ರಶಸ್ತಿ ಬಂತು. ತಾತ್ಕಾಲಿಕವೆಂದು ಕಟ್ಟಿದ ಕೋಬೆಯ ಇಗರ್ಜಿ ಹತ್ತು ವರ್ಷ ನಿಂತಿತು. 2005ರಲ್ಲಿ ಅದನ್ನು ಬಿಚ್ಚಿ, 1999ರ ಭೂಕಂಪದಲ್ಲಿ ನೊಂದ ತೈವಾನಿನ ತಾವೊಮಿ ಎಂಬ ಹಳ್ಳಿಗೆ ಒಯ್ದರು. 2008ರಲ್ಲಿ ಅದೇ ಕಂಬಗಳು ಅಲ್ಲಿ ಮತ್ತೆ ನಿಂತವು.