ಸ್ಥಾನಲಿಪಿಯ ಓದು: ಬೇಸ್ ಗಿಟಾರಿನ ಟ್ಯಾಬ್ ಮತ್ತು ಪ್ರಸಂಗದ ಪುಟ

ನಾದವನ್ನು ಕಾಗದದ ಮೇಲೆ ಹಿಡಿದಿಡಲು ಮನುಷ್ಯನು ಮಾಡಿದ ಪ್ರಯತ್ನಗಳು ಹಲವು. ಸ್ವರದ ಹೆಸರನ್ನು ಬರೆಯುವುದು ಒಂದು ಮಾರ್ಗ. ಆ ಸ್ವರವನ್ನು ಹುಟ್ಟಿಸುವ ಬೆರಳು ಎಲ್ಲಿರಬೇಕೆಂಬುದನ್ನು ಬರೆಯುವುದು ಇನ್ನೊಂದು ಮಾರ್ಗ. ಎರಡನೆಯದನ್ನು ಪಾಶ್ಚಾತ್ಯರು ‘ಟ್ಯಾಬ್ಲೆಚರ್’ ಎನ್ನುವರು. ಹಲಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದ ಈ ಹೆಸರು ಬಳಕೆಯಲ್ಲಿ ‘ಟ್ಯಾಬ್’ ಎಂದು ಮೊಟಕಾಗಿದೆ. ಅದನ್ನು ನಾವು ಇಲ್ಲಿ ‘ಸ್ಥಾನಲಿಪಿ’ ಎಂದು ಕರೆಯುತ್ತೇವೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಇಗರ್ಜಿಯ ಗಾಯನವೃಂದದಲ್ಲಿಯೋ ಉತ್ಸವದ ರಸಮಂಜರಿಯಲ್ಲಿಯೋ ಬೇಸ್ ಗಿಟಾರಿನ ನಾದವನ್ನು ಕೇಳಿ, ತಾನೂ ಕಲಿಯಬೇಕೆಂದು ಹೊರಡುವ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಈ ಲಿಪಿಯೇ. ಇತಿಹಾಸದ ಅಧ್ಯಾಪಕರಾದ ನಾವು ಇದನ್ನು ಕುರಿತು ಬರೆಯುವುದೇಕೆಂದು ಕೇಳಬಹುದು. ಯಾವ ಲಿಪಿಯೇ ಆಗಲಿ, ಅದು ಏನನ್ನು ಹೇಳುತ್ತದೆ, ಹೇಳದೆ ಬಿಟ್ಟುದನ್ನು ಯಾರ ವಶಕ್ಕೆ ಒಪ್ಪಿಸುತ್ತದೆ ಎಂದು ವಿಚಾರಿಸುವುದು ನಮ್ಮ ಶಾಸ್ತ್ರದ ಮೊದಲ ಪಾಠಗಳಲ್ಲೊಂದು.

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಅಮೆರಿಕದ ಲಿಯೋ ಫೆಂಡರನು 1951ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ವಾದ್ಯದಿಂದ ಇದರ ಪ್ರಚಾರ ಬೆಳೆಯಿತು. ಸ್ಥಾನಲಿಪಿಯಲ್ಲಿಯೂ ನಾಲ್ಕು ಅಡ್ಡಗೆರೆಗಳು. ಒಂದೊಂದು ಗೆರೆ ಒಂದೊಂದು ತಂತಿ. ಎಲ್ಲಕ್ಕೂ ಕೆಳಗಿನ ಗೆರೆ ಅತ್ಯಂತ ದಪ್ಪನಾದ ‘ಇ’ ತಂತಿ. ಅದರ ಮೇಲೆ ಕ್ರಮವಾಗಿ ‘ಎ’, ‘ಡಿ’, ‘ಜಿ’. ವಾದ್ಯವನ್ನು ತೊಟ್ಟು ನಿಂತವನು ಬಗ್ಗಿ ನೋಡಿದರೆ ದಪ್ಪ ತಂತಿಯೇ ಮೇಲೆ ಕಾಣುವುದು. ಪುಟದಲ್ಲಿಯಾದರೋ ಅದು ಕೆಳಗಿದೆ. ನಾವೂ ಮೊದಲ ದಿನಗಳಲ್ಲಿ ಪುಟವನ್ನು ತಲೆಕೆಳಗಾಗಿಯೇ ಓದಿದೆವು. ವಾದ್ಯವನ್ನು ಮುಖ ಮೇಲಾಗಿ ತೊಡೆಯ ಮೇಲೆ ಮಲಗಿಸಿ ನೋಡಿದಾಗ ಗೊಂದಲ ತಾನಾಗಿ ತಿಳಿಯಾಯಿತು: ಮೈಗೆ ಹತ್ತಿರವಾದ ತಂತಿ ದಪ್ಪ ತಂತಿ, ಓದುವವನಿಗೆ ಹತ್ತಿರವಾದ ಗೆರೆಯೂ ಅದರದೇ.

ಗೆರೆಗಳ ಮೇಲೆ ಬರೆದ ಅಂಕೆಗಳು ಮೆಟ್ಟಿಲುಗಳ ಸಂಖ್ಯೆ. ‘0’ ಎಂದರೆ ತಂತಿಯನ್ನು ಒತ್ತದೆ ಬಿಡಿಯಾಗಿ ಮೀಟುವುದು. ‘3’ ಎಂದರೆ ಮೂರನೆಯ ಮೆಟ್ಟಿಲಿಗೆ ತಾಗಿದಂತೆ, ಬಿರಡೆಗಳ ಕಡೆಯ ಪಕ್ಕದಲ್ಲಿ, ಬೆರಳನ್ನು ಒತ್ತುವುದು. ಒಂದು ಮೆಟ್ಟಿಲು ಮುಂದೆ ಹೋದರೆ ಅರ್ಧಸ್ವರ ಏರುತ್ತದೆ; ಹನ್ನೆರಡನೆಯದರಲ್ಲಿ ಅದೇ ತಂತಿಯ ಮೇಲಿನ ಷಡ್ಜ ಸಿಕ್ಕುತ್ತದೆ. ನಮ್ಮ ಸಂಗೀತದ ಪರಿಚಯವುಳ್ಳವರಿಗೆ ಇದು ಸುಲಭವಾಗುವ ಬಗೆಯೊಂದಿದೆ. ಬಿಡಿಯಾದ ‘ಇ’ ತಂತಿಯನ್ನೇ ಷಡ್ಜವೆಂದು ಇಟ್ಟುಕೊಂಡರೆ, ಆ ತಂತಿಯ ಮೇಲೆ 0, 2, 4 ಎಂಬುವು ಸ, ರಿ, ಗ. ‘ಎ’ ತಂತಿಯ 0, 2, 4 ಮ, ಪ, ದ. ‘ಡಿ’ ತಂತಿಯ 1, 2 ನಿ ಮತ್ತು ತಾರಷಡ್ಜ. ಇದು ಶಂಕರಾಭರಣದ ಆರೋಹಣ. ಇದರಲ್ಲಿ ಮ, ನಿಗಳನ್ನು ಬಿಟ್ಟರೆ ಮೋಹನವಾಗುತ್ತದೆ. ಇಂತಹ ಎರಡು ಸಾಲುಗಳನ್ನು ಸ್ವತಃ ಬರೆದು ನುಡಿಸಿದ ವಿದ್ಯಾರ್ಥಿ, ಹತ್ತಾರು ಸಿದ್ಧ ಪುಟಗಳನ್ನು ನೋಡಿ ನುಡಿಸಿದವನಿಗಿಂತ ಬೇಗ ಲಿಪಿಯ ಒಳಗನ್ನು ತಿಳಿಯುತ್ತಾನೆ ಎಂಬುದು ನಮ್ಮ ಅಭಿಪ್ರಾಯ.

ಒಂದೇ ನಾದಕ್ಕೆ ಈ ಲಿಪಿಯಲ್ಲಿ ಒಂದಕ್ಕಿಂತ ಹೆಚ್ಚು ರೂಪಗಳಿರಬಲ್ಲವು. ‘ಇ’ ತಂತಿಯ ಐದನೆಯ ಮೆಟ್ಟಿಲೂ ಬಿಡಿಯಾದ ‘ಎ’ ತಂತಿಯೂ ಒಂದೇ ಸ್ವರ. ಸ್ವರಲಿಪಿಗೆ ಇವುಗಳಲ್ಲಿ ಭೇದವಿಲ್ಲ. ಸ್ಥಾನಲಿಪಿಗೆ ಇವು ಬೇರೆ ಬೇರೆ. ದಪ್ಪ ತಂತಿಯನ್ನು ಒತ್ತಿದಾಗಿನ ಮಂದವಾದ ಧ್ವನಿಗೂ ಬಿಡಿ ತಂತಿಯ ಮೊಳಗಿಗೂ ಇರುವ ಅಂತರ ಕಿವಿಗೆ ಸ್ಪಷ್ಟ. ಆದಕಾರಣ ಸ್ಥಾನಲಿಪಿಯನ್ನು ಸೋಮಾರಿಗಳ ಲಿಪಿಯೆಂದು ಹಳಿಯುವ ಕೆಲವು ಸಂಗೀತಶಿಕ್ಷಕರ ಮಾತನ್ನು ನಾವು ಒಪ್ಪಲಾರೆವು.

ತಂತಿ ಮತ್ತು ಮೆಟ್ಟಿಲುಗಳಿಂದ ಸ್ವರವನ್ನು ಗುರುತಿಸುವ ವಿಚಾರ ನಮ್ಮಲ್ಲಿ ಹೊಸತೇನೂ ಅಲ್ಲ. ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯಲ್ಲಿ, ವೀಣೆಯ ನಾಲ್ಕು ತಂತಿಗಳಲ್ಲಿ ಯಾವ ಮೆಟ್ಟಿಲಿಗೆ ಯಾವ ಸ್ವರವೆಂಬುದನ್ನು ಕ್ರಮವಾಗಿ ಹೇಳಿದ್ದಾನೆ. (ಆ ಕಾಲಕ್ಕೆ ಇಂದಿನ ಬ್ರಹ್ಮಾವರ ತಾಲ್ಲೂಕಿನ ಬಾರಕೂರು ಅದೇ ಸಾಮ್ರಾಜ್ಯದ ಒಂದು ಪ್ರಾಂತದ ರಾಜಧಾನಿಯಾಗಿತ್ತು.) ಆದರೆ ರಾಮಾಮಾತ್ಯನು ಬರೆದುದು ಶಾಸ್ತ್ರ, ಒಂದು ನಿರ್ದಿಷ್ಟ ಹಾಡನ್ನು ಮೆಟ್ಟಿಲುಗಳ ಅಂಕೆಯಲ್ಲಿ ಬರೆದಿಡುವ ಕೆಲಸಕ್ಕೆ ಅವನು ಕೈಹಾಕಲಿಲ್ಲ. ಯೂರೋಪಿನಲ್ಲಿ ಆ ಕೆಲಸ ಅದಕ್ಕೂ ಮುಂಚೆ ನಡೆದಿತ್ತು. ವೆನಿಸ್ ನಗರದಲ್ಲಿ ಪೆಟ್ರುಚ್ಚಿಯು 1507ರಲ್ಲಿ ಸ್ಪಿನಾಚೀನೋ ಎಂಬ ವಾದಕನ ಲ್ಯೂಟ್ ಕೃತಿಗಳನ್ನು ಸ್ಥಾನಲಿಪಿಯಲ್ಲಿ ಅಚ್ಚುಹಾಕಿದನು.

ಆ ಹಳೆಯ ಪುಟಗಳಲ್ಲಿ ಅಂಕೆಗಳ ಮೇಲೆ ಕಾಲವನ್ನು ಸೂಚಿಸುವ ಚಿಹ್ನೆಗಳಿದ್ದುವು ಎಂಬುದು ಗಮನಿಸತಕ್ಕ ಸಂಗತಿ. ಇಂದು ವಿದ್ಯಾರ್ಥಿಗಳ ಕೈಯಲ್ಲಿ ಓಡಾಡುವ ಸರಳ ಟ್ಯಾಬ್‌ನಲ್ಲಿ ಅನೇಕ ವೇಳೆ ಅವು ಇರುವುದಿಲ್ಲ. ಜಾರುವುದಕ್ಕೆ ಓರೆಗೆರೆ, ನಾದವಿಲ್ಲದ ಒಣ ಮೀಟಿಗೆ ‘ಎಕ್ಸ್’ ಅಕ್ಷರ, ಆವರ್ತಗಳ ನಡುವೆ ನಿಲುವುಗೆರೆ, ಇವೆಲ್ಲ ಉಂಟು. ಆದರೆ ಒಂದು ಅಂಕೆ ಎಷ್ಟು ಹೊತ್ತು ನಿಲ್ಲಬೇಕೆಂಬುದು ಇಲ್ಲ. ಮೇಲೆ ಹೇಳಿದ ಮೋಹನದ ಆರು ಅಂಕೆಗಳನ್ನೇ ಒಬ್ಬನು ಸಮವಾಗಿ ನಡೆಸಬಹುದು, ಮತ್ತೊಬ್ಬನು ಮೊದಲನೆಯದನ್ನು ನೀಳವಾಗಿ ಎಳೆದು ಉಳಿದವನ್ನು ಓಡಿಸಬಹುದು. ಪುಟವು ಇಬ್ಬರಿಗೂ ‘ಸರಿ’ ಎನ್ನುತ್ತದೆ. ಕಲಿಯುವವನು ಮೂಲ ಹಾಡಿನ ಧ್ವನಿಮುದ್ರಣವನ್ನು ಕೇಳಿಯೇ ಇರುತ್ತಾನೆಂಬ ನಂಬಿಕೆಯಿಂದ ಕಾಲವನ್ನು ಕಿವಿಗೆ ಬಿಟ್ಟುಕೊಡಲಾಗಿದೆ. ಆದುದರಿಂದ ಹೊಸಬನು ಮೊದಲು ಹಾಡನ್ನು ಕೇಳಿ, ಕೈತಟ್ಟಿ ತಾಳವನ್ನು ಎಣಿಸಿ, ಅಂಕೆಗಳ ಕೆಳಗೆ ಆ ಎಣಿಕೆಯನ್ನು ಸೀಸದಕಡ್ಡಿಯಿಂದ ಬರೆದುಕೊಂಡು, ಅನಂತರ ವಾದ್ಯವನ್ನು ಮುಟ್ಟುವುದು ಉಚಿತ.

ಈ ಕೊರತೆಯನ್ನು ಕಂಡಾಗ ನಮಗೆ ನೆನಪಾದುದು ನಮ್ಮ ಸೀಮೆಯ ಇನ್ನೊಂದು ಪುಟ, ಯಕ್ಷಗಾನದ ಪ್ರಸಂಗಪುಸ್ತಕ. ಮಂದಾರ್ತಿ, ಮಾರಣಕಟ್ಟೆಗಳ ಮೇಳಗಳು ಆಡುವ ಬಡಗುತಿಟ್ಟಿನ ಪ್ರಸಂಗವೊಂದನ್ನು ತೆರೆದರೆ ಪ್ರತಿಯೊಂದು ಪದದ ನೆತ್ತಿಯ ಮೇಲೆ ಎರಡು ಹೆಸರುಗಳು: ಒಂದು ರಾಗದ್ದು, ಒಂದು ತಾಳದ್ದು. ಅಷ್ಟೇ. ಸ್ವರವಿಲ್ಲ, ಎತ್ತುಗಡೆಯಿಲ್ಲ, ಗತಿಯಿಲ್ಲ. ಗಿಟಾರಿನ ಪುಟ ಬೆರಳನ್ನು ಹೇಳಿ ಕಾಲವನ್ನು ಮುಚ್ಚಿಟ್ಟರೆ, ಪ್ರಸಂಗದ ಪುಟ ಕಾಲದ ಹೆಸರನ್ನು ಹೇಳಿ ಉಳಿದುದೆಲ್ಲವನ್ನೂ ಭಾಗವತನ ಕಂಠಕ್ಕೆ ಬಿಡುತ್ತದೆ. ಮದ್ದಳೆಯ ಪಾಠದಲ್ಲಿ ಬಾಯಿಂದ ಹೇಳುವ ಅಕ್ಷರಗಳಾದರೋ ಒಂದು ಬಗೆಯ ಸ್ಥಾನಲಿಪಿಯೇ ಸರಿ. ಕೈ ಎಲ್ಲಿ, ಹೇಗೆ ಬೀಳಬೇಕೆಂಬುದನ್ನು ಆ ಅಕ್ಷರಗಳೇ ತಿಳಿಸುತ್ತವೆ. ಆದರೆ ಅವನ್ನು ಕಾಗದದಿಂದ ಕಲಿತವರು ವಿರಳ. ಏರುಮದ್ದಳೆಯಿಂದ ಹೆಸರಾದ ಹಿರಿಯಡ್ಕ ಗೋಪಾಲರಾಯರು (1919–2020) ನೂರು ವರ್ಷಗಳನ್ನು ದಾಟಿ ಬಾಳಿದರು. ಅಂತಹ ಒಬ್ಬರ ಕೈಯಲ್ಲಿದ್ದ ವಿದ್ಯೆಯನ್ನು ಅಕ್ಷರಗಳ ಸಾಲಾಗಿ ಬರೆದುಕೊಂಡರೂ, ಅದನ್ನು ಓದಲು ಅವರ ಪಕ್ಕದಲ್ಲಿ ಕುಳಿತಿದ್ದವನೇ ಬೇಕು.

ಇದರಿಂದ ಆಗುವ ನಷ್ಟ ಕಲ್ಪನೆಯದಲ್ಲ. ಅಚ್ಚಿನಲ್ಲಿ ಒಂದು ರಾಗದ ಹೆಸರಿರುವ ಪದವನ್ನು ಇಂದು ಬೇರೊಂದು ರಾಗದಲ್ಲಿ ಹಾಡುವುದು ಅಪರೂಪವಲ್ಲ. ಕೆಲವೆಡೆ ಹೆಸರು ಉಳಿದಿದೆ, ಹಾಡುವ ಕ್ರಮ ಮರೆತುಹೋಗಿದೆ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಈ ಹಾಡುಗಾರಿಕೆಯ ರಾಗಗಳನ್ನು ಅರಸುತ್ತ ಬಹುಕಾಲ ದುಡಿದರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಮತ್ತೊಂದು ಕಡೆ ಗುಂಡ್ಮಿಯ ಕಾಳಿಂಗ ನಾವಡರ ಉದಾಹರಣೆಯಿದೆ. ಅವರು 1990ರಲ್ಲಿ ಅಪಘಾತದಲ್ಲಿ, ಇನ್ನೂ ತಾರುಣ್ಯದಲ್ಲಿಯೇ, ತೀರಿಕೊಂಡರು. ಅಷ್ಟರಲ್ಲಿ ಕ್ಯಾಸೆಟ್ಟು ಬಂದಿತ್ತು. ಅವರನ್ನು ಕಣ್ಣಿನಿಂದ ಕಾಣದ ತರುಣರೂ ಅವರ ಎತ್ತುಗಡೆಯನ್ನು ಕೇಳಿ ಕಲಿಯಬಲ್ಲರು. ಅವರಿಗಿಂತ ಎರಡು ತಲೆಮಾರು ಹಿಂದಿನ ಎಷ್ಟೋ ಭಾಗವತರಿಂದ ನಮಗೆ ಉಳಿದಿರುವುದು ಪದದ ನೆತ್ತಿಯ ಆ ಎರಡು ಹೆಸರುಗಳು ಮಾತ್ರ.

ಗಿಟಾರಿನ ಪುಟದ ಅಡಿಯಲ್ಲಿ ಎಣಿಕೆಯನ್ನು ಬರೆದುಕೊಳ್ಳುವ ಹುಡುಗನಂತೆ, ಕೆಲವು ಭಾಗವತರೂ ತಮ್ಮ ಪ್ರಸಂಗದ ಪ್ರತಿಗಳ ಅಂಚಿನಲ್ಲಿ ಗುರುತುಗಳನ್ನು ಮಾಡಿಕೊಳ್ಳುವುದುಂಟು: ಇಲ್ಲಿ ಬಿಡ್ತಿಗೆ, ಇಲ್ಲಿ ಈ ಸಾಲನ್ನು ಬಿಡತಕ್ಕದ್ದು, ಇಲ್ಲಿ ಬೇರೆ ತಾಳ. ಮನೆಯ ಅಟ್ಟದಲ್ಲಿ ಸಿಕ್ಕುವ ಇಂತಹ ಪ್ರತಿಗಳನ್ನು ಅಚ್ಚಾದ ಪುಸ್ತಕ ಬೇರೆ ಇದೆಯಲ್ಲ ಎಂದು ರದ್ದಿಗೆ ಹಾಕುತ್ತಾರೆ. ಆ ಅಂಚುಗಳನ್ನು ಶಾಸನದ ಪಡಿಯಚ್ಚಿನಷ್ಟೇ ಎಚ್ಚರದಿಂದ ತೆಗೆದಿಟ್ಟು, ಗುರುತು ಮಾಡಿದವರು ಬದುಕಿದ್ದರೆ ಅವರಿಂದಲೇ ಹಾಡಿಸಿ, ಸ್ಥಳ ಮತ್ತು ದಿನಾಂಕಗಳೊಡನೆ ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳು ಒಂದು ಬೇಸಿಗೆಯ ರಜೆಯಲ್ಲಿ ಆರಂಭಿಸಬಹುದು. ಮೇಳಗಳು ತಿರುಗಾಟ ಮುಗಿಸಿ ಭಾಗವತರು ಮನೆಗೆ ಮರಳುವ ಮಳೆಗಾಲವಾದರೆ ಇನ್ನೂ ಒಳ್ಳೆಯದು.