ಆಧಾರ್ ಬಿಹಾರದ್ದು, ಬದುಕು ನಂಜನಗೂಡಿಂದು: ವಲಸೆ ಬಂದವರಿಗೆ ನಗರಸಭೆ, ಪುರಸಭೆ ಏನು ಕೊಡಲೇಬೇಕು?

ನಂಜನಗೂಡು/ತಿ.ನರಸೀಪುರ: ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬಿಡುವ ಹೊತ್ತಿಗೆ ನಿಂತರೆ ಕನ್ನಡದಷ್ಟೇ ಹಿಂದಿ, ಒಡಿಯಾ, ಬಂಗಾಳಿಯೂ ಕಿವಿಗೆ ಬೀಳುತ್ತದೆ. ಪೇಟೆಯಲ್ಲಿ ಪಾನಿಪುರಿ ಗಾಡಿ, ಕಟ್ಟಡದ ಗಾರೆ ಕೆಲಸ, ಟೈಲ್ಸ್, ಹೋಟೆಲ್ ಅಡುಗೆಮನೆ ಎಲ್ಲ ಕಡೆಯೂ ಹೊರ ರಾಜ್ಯದವರಿದ್ದಾರೆ. ತಿ.ನರಸೀಪುರದ ಕಡೆ ಹೊರ ಜಿಲ್ಲೆಗಳಿಂದ ಕಬ್ಬು ಕಡಿಯೋಕೆ ಬಂದವರೂ ಸೇರುತ್ತಾರೆ. ಇವರು ಯಾವುದಾದರೂ ಕಚೇರಿಯ ಮೆಟ್ಟಿಲು ಹತ್ತಿದಾಗ ಮೊದಲು ಕೇಳುವ ಮಾತು ಒಂದೇ: "ಇಲ್ಲಿನ ಅಡ್ರೆಸ್ ಪ್ರೂಫ್ ಇದ್ಯಾ?"

ವಿಷಯ ಏನಪ್ಪಾ ಅಂದ್ರೆ, ಸ್ಥಳೀಯ ಸಂಸ್ಥೆ ಕೊಡಬೇಕಾದ ಹಲವು ಸೇವೆಗಳಿಗೆ ಕಾನೂನು ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ದೇಶದ ಯಾವ ಭಾಗದಲ್ಲಾದರೂ ಓಡಾಡಲು, ನೆಲೆಸಲು, ಉದ್ಯೋಗ ಮಾಡಲು ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಹಕ್ಕು ಕೊಟ್ಟಿದೆ. ಆದರೆ ಆ ಹಕ್ಕು ಕೈಗೆ ಸಿಗೋದು, ಸಿಗದೇ ಹೋಗೋದು ಕೌಂಟರ್‌ನಲ್ಲೇ.

ಗಾಡಿ ವ್ಯಾಪಾರ

ಹೆಚ್ಚು ತಕರಾರು ಇರುವುದು ಇಲ್ಲೇ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ನಗರಸಭೆ, ಪುರಸಭೆಗಳು ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಮಾಡಿ, ಪಟ್ಟಿಯಲ್ಲಿರುವವರಿಗೆ ವ್ಯಾಪಾರ ಪ್ರಮಾಣಪತ್ರ ಕೊಡಬೇಕು. ವಯಸ್ಸು 14 ದಾಟಿರಬೇಕು, ವ್ಯಾಪಾರವನ್ನು ತಾನೇ ಅಥವಾ ಮನೆಯವರೇ ಮಾಡಬೇಕು, ಬೇರೆ ಜೀವನೋಪಾಯ ಇರಬಾರದು, ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡಬಾರದು. ಕಾಯ್ದೆಯ ಮುಖ್ಯ ಷರತ್ತುಗಳು ಇವು. ಇದೇ ರಾಜ್ಯದಲ್ಲಿ ಹುಟ್ಟಿರಬೇಕು ಎಂಬ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರ ಮಾಡಬೇಕೆಂದರೆ 30 ದಿನದ ನೋಟಿಸ್ ಬೇಕು. ಸಾಮಾನು ಜಪ್ತಿ ಮಾಡಿದರೆ ಸ್ಥಳದಲ್ಲೇ ಪಟ್ಟಿ ಬರೆದುಕೊಡಬೇಕು. ದಂಡ ಕಟ್ಟಿ ಕೇಳಿದರೆ ಹಣ್ಣು, ತರಕಾರಿಯಂಥ ಕೆಡುವ ಪದಾರ್ಥವನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ವಾಪಸ್ ಕೊಡಬೇಕು. ತಕ್ಕಡಿ ಎತ್ಕೊಂಡು ಹೋಗಿ ವಾರ ಸತಾಯಿಸೋದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ.

ಪಟ್ಟಣ ವ್ಯಾಪಾರ ಸಮಿತಿ ಅಂತ ಒಂದಿರುತ್ತದೆ. ಅದರ ಸದಸ್ಯರಲ್ಲಿ ಶೇ 40ರಷ್ಟು ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಭಾಷೆ ಬಾರದ, ಸಂಘದ ಸಂಪರ್ಕವೂ ಇಲ್ಲದ ಹೊರಗಿನವರಿಗೆ ಈ ಸಮಿತಿಯ ಸುದ್ದಿಯೇ ಮುಟ್ಟುವುದಿಲ್ಲ. ಸಮೀಕ್ಷೆಗೆ ಬಂದ ದಿನ ಊರಿಗೆ ಹೋಗಿದ್ದರೆ ಮುಗೀತು, ಹೆಸರು ಬಿಟ್ಟುಹೋಯಿತು. ಪ್ರಮಾಣಪತ್ರ ಅಥವಾ ನಗರಸಭೆಯ ಶಿಫಾರಸು ಪತ್ರ ಇಲ್ಲದೆ ಪಿಎಂ ಸ್ವನಿಧಿ ಸಾಲವೂ ಇಲ್ಲ. ಆ ಸಾಲದ ಮೊದಲ ಕಂತನ್ನು 2025ರಲ್ಲಿ 10 ಸಾವಿರದಿಂದ 15 ಸಾವಿರ ರೂಪಾಯಿಗೆ ಏರಿಸಲಾಗಿದೆ.

ದಿನದ ಸುಂಕದ ಚೀಟಿಯನ್ನು ಬಹಳ ಜನ ಅದೇ ಲೈಸೆನ್ಸ್ ಅಂದ್ಕೊಂಡಿದ್ದಾರೆ. ಅಲ್ಲ. ಆದರೂ ಬಿಸಾಡಬೇಡಿ, ಅಷ್ಟು ದಿನದಿಂದ ಅಲ್ಲಿ ವ್ಯಾಪಾರ ಮಾಡ್ತಾ ಇದ್ದೀರಿ ಅನ್ನೋದಕ್ಕೆ ಅದು ಸಾಕ್ಷಿ.

ಇನ್ನೊಂದು ಗೊಂದಲ ಗಡಿಯದ್ದು. ಈ ಕಾಯ್ದೆ ನಡೆಯುವುದು ನಗರ ಸ್ಥಳೀಯ ಸಂಸ್ಥೆಗಳ ಮೂಲಕ. ತಾಂಡವಪುರದಂಥ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ, ಕಾರ್ಖಾನೆ ಗೇಟಿನ ಮುಂದೆ ಟೀ ಮಾರುವವರು ನಂಜನಗೂಡು ನಗರಸಭೆಗೆ ಅರ್ಜಿ ಕೊಟ್ಟು ಪ್ರಯೋಜನವಿಲ್ಲ, ಪಂಚಾಯಿತಿಗೇ ಹೋಗಬೇಕು. ಎರಡೂ ಪಟ್ಟಣಗಳ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766ರ ಅಂಚಿನ ಜಾಗಕ್ಕೆ ಹೆದ್ದಾರಿಯವರದೇ ಬೇರೆ ನಿಯಮ.

ಅಂಗಡಿ ಇಟ್ಟವರ ಕಥೆ ಬೇರೆ. ಅವರಿಗೆ ಉದ್ದಿಮೆ ಪರವಾನಗಿ ಬೇಕು, ಅದಕ್ಕೆ ಕಟ್ಟಡ ಮಾಲೀಕರ ತೆರಿಗೆ ರಸೀದಿ, ಬಾಡಿಗೆ ಕರಾರು ಬೇಕು. 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಇದು ಇಲ್ಲಿನವರಿಗೂ ಹೊರಗಿನವರಿಗೂ ಒಂದೇ. ಇದನ್ನು ಪಾಲಿಸಿ ಅನ್ನೋದು ಸರಿ, ಇದನ್ನೇ ನೆಪ ಮಾಡ್ಕೊಂಡು 'ನಿಮ್ಮೂರಿಗೆ ಹೋಗಿ' ಅನ್ನೋದು ತಪ್ಪು.

ಮಕ್ಕಳು

ಮಗು ಹುಟ್ಟಿದ ಜಾಗದಲ್ಲೇ ಜನನ ನೋಂದಣಿ. ತಂದೆ ತಾಯಿ ಒಡಿಶಾದವರಾದರೂ ಹೆರಿಗೆ ನಂಜನಗೂಡಿನಲ್ಲಿ ಆಗಿದ್ದರೆ ಪ್ರಮಾಣಪತ್ರ ಇಲ್ಲೇ ಸಿಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ವರದಿ ಮಾಡುವ ಹೊಣೆ ಆಸ್ಪತ್ರೆಯದ್ದು. 21 ದಿನದೊಳಗೆ ಮಾಹಿತಿ ಕೊಟ್ಟರೆ ಶುಲ್ಕ ಇಲ್ಲ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಶೆಡ್‌ನಲ್ಲೇ ಹೆರಿಗೆಯಾದ ಕುಟುಂಬಗಳು ಸಿಕ್ಕಿಬೀಳೋದು ಇಲ್ಲಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಆಧಾರ್‌ಗೆ, ಮುಂದೆ ಮತದಾರರ ಪಟ್ಟಿಗೆ ಜನನ ದಿನಾಂಕದ ದಾಖಲೆ ಈ ಪ್ರಮಾಣಪತ್ರವೇ. ಹಾಗಾಗಿ ತಡ ಮಾಡಬೇಡಿ.

ಶಾಲೆಯ ವಿಷಯದಲ್ಲಿ ಕಾನೂನು ಇನ್ನೂ ಖಡಕ್ಕಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್, ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು ನೇರವಾಗಿಯೇ ಹೇಳುತ್ತದೆ. ಟಿಸಿ ಬಂದಿಲ್ಲ, ವಯಸ್ಸಿನ ದಾಖಲೆ ಇಲ್ಲ ಎಂದು ಸರ್ಕಾರಿ ಶಾಲೆ ವಾಪಸ್ ಕಳಿಸುವಂತಿಲ್ಲ. ಜೂನ್ ದಾಟಿ ಬಂದರೂ ಸೇರಿಸಿಕೊಳ್ಳಬೇಕು. ಕಬ್ಬು ಕಡಿಯುವವರು ಬರುವುದು ಶಾಲೆ ಶುರುವಾಗುವ ತಿಂಗಳಲ್ಲೇ ಅಂತ ಯಾರು ಹೇಳಿದ್ದು? ಸೇರಿಸಿಕೊಳ್ಳದಿದ್ದರೆ ಬಿಇಒ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ.

ರೇಷನ್, ಬಸ್

ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಬಿಹಾರದ ಕಾರ್ಡ್ ತೋರಿಸಿ, ಬೆರಳಚ್ಚು ಕೊಟ್ಟು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಧಾನ್ಯ ಪಡೆಯಬಹುದು. ಎಲ್ಲ ರಾಜ್ಯಗಳೂ ಇದನ್ನು ಜಾರಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲೇ ಆದೇಶಿಸಿದೆ. ಮನೆಯವರು ಊರಲ್ಲಿದ್ದರೆ ಅವರ ಪಾಲು ಅಲ್ಲಿ, ನಿಮ್ಮ ಪಾಲು ಇಲ್ಲಿ. ಸಿಗುವುದು ಕೇಂದ್ರದ ಪಾಲು ಮಾತ್ರ, ಕರ್ನಾಟಕ ಸರ್ಕಾರ ಹೆಚ್ಚುವರಿಯಾಗಿ ಕೊಡುವುದು ಇಲ್ಲಿನ ಕಾರ್ಡ್‌ದಾರರಿಗೆ. ಅಂಗಡಿಯವರು ಆಗಲ್ಲ ಅಂದ್ರೆ 1967ಕ್ಕೆ ಫೋನ್ ಮಾಡಿ. ಇನ್ನು ಶಕ್ತಿ ಯೋಜನೆಯ ಉಚಿತ ಬಸ್‌ಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕೇ ಬೇಕು, ಅದರಲ್ಲಿ ಕಂಡಕ್ಟರ್ ಜೊತೆ ಜಗಳ ಮಾಡಿ ಫಲವಿಲ್ಲ.

ಮನೆ, ಪೊಲೀಸ್

ಬಾಡಿಗೆದಾರರ ಗುರುತಿನ ಚೀಟಿ ಪ್ರತಿಯನ್ನು ಮಾಲೀಕರು ಠಾಣೆಗೆ ಕೊಡೋದು ಬೇರೆ, ಭಾಷೆ ನೋಡಿ ಮನೆ ಖಾಲಿ ಮಾಡಿಸೋದು ಬೇರೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದವರು' ಎಂಬ ಅನುಮಾನದ ಮೇಲೆ ಶೆಡ್‌ಗಳನ್ನು ಕೆಡವಲಾಯಿತು. ಅಲ್ಲಿ ಅಸ್ಸಾಂ, ತ್ರಿಪುರಾದವರಷ್ಟೇ ಅಲ್ಲ, ನಮ್ಮ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಹೈಕೋರ್ಟ್ ತೆರವಿಗೆ ತಡೆ ಕೊಟ್ಟಿತು. ಯಾರಾದರೂ ವಿದೇಶಿಯರೇ ಅನ್ನುವ ಶಂಕೆಯಿದ್ದರೆ ಅದಕ್ಕೆ ಪ್ರತ್ಯೇಕ ಕಾನೂನು, ಪ್ರಕ್ರಿಯೆ ಇದೆ. ಜೆಸಿಬಿ ತರೋದು ಆ ಪ್ರಕ್ರಿಯೆ ಅಲ್ಲ.

ನೀರು, ಕಸ, ಶೌಚಾಲಯದ ಸಮಸ್ಯೆಯ ಬೇರು ಬಾಡಿಗೆ ಶೆಡ್‌ಗಳಲ್ಲೇ ಇದೆ. ನಲ್ಲಿ ಸಂಪರ್ಕ, ಆಸ್ತಿ ತೆರಿಗೆ ಎಲ್ಲ ಮಾಲೀಕರ ಹೆಸರಲ್ಲಿ. ಹತ್ತು ರೂಮಿಗೆ ಒಂದು ನಲ್ಲಿ ಇದ್ದರೂ ದಾಖಲೆಯಲ್ಲಿ ಅದು ಒಂದು ಮನೆ. ಬಾಡಿಗೆದಾರರೂ ದೂರು ಕೊಡಬಹುದು, ಆದರೆ ಕೊಟ್ಟವರನ್ನು ಮಾರನೇ ದಿನ ಮಾಲೀಕರು ಹೊರಗೆ ಹಾಕ್ತಾರೆ ಅನ್ನೋ ಭಯಕ್ಕೆ ಯಾರೂ ಬಾಯಿ ಬಿಡಲ್ಲ. ಇಲ್ಲಿ ಆರೋಗ್ಯ ನಿರೀಕ್ಷಕರೇ ತಾವಾಗಿ ಹೋಗಿ ನೋಡಬೇಕು.

ವಾರ್ಡ್ ಸದಸ್ಯರು ಯಾಕೆ ಕೇಳಲ್ಲ ಅನ್ನೋದಕ್ಕೆ ಉತ್ತರ ಸರಳ: ಇವರ ವೋಟು ಇಲ್ಲಿಲ್ಲ. ಆದರೆ ಮತದಾರರ ಪಟ್ಟಿಗೆ ಬೇಕಿರುವುದು 'ಸಾಮಾನ್ಯ ವಾಸ' ಮಾತ್ರ, ಸ್ವಂತ ಮನೆ ಅಲ್ಲ. ವರ್ಷಗಟ್ಟಲೆ ಇಲ್ಲೇ ಇರುವವರು ಫಾರಂ 8 ತುಂಬಿ ಹೆಸರು ವರ್ಗಾಯಿಸಿಕೊಳ್ಳಬಹುದು. ಊರಿನ ಪಟ್ಟಿಯಿಂದ ಹೆಸರು ಹೋಗುತ್ತದೆ, ಅದನ್ನು ಯೋಚಿಸಿಯೇ ಮಾಡಬೇಕು.

ಯಾವ ಕಚೇರಿಗೆ ಹೋದರೂ ಬಾಯಿಮಾತಿನ 'ನಾಳೆ ಬಾ'ಗೆ ಒಪ್ಪಬೇಡಿ. ಸಕಾಲ ವ್ಯಾಪ್ತಿಯ ಸೇವೆಯಾದರೆ ಸಕಾಲ ಸಂಖ್ಯೆಯಿರುವ ಸ್ವೀಕೃತಿ, ಇಲ್ಲದಿದ್ದರೆ ಅರ್ಜಿಯ ನಕಲಿನ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ಕೂಲಿ, ಗುತ್ತಿಗೆದಾರರ ತಂಟೆ ಮಾತ್ರ ನಗರಸಭೆಗೆ ಬರುವುದಿಲ್ಲ. ಅದು ಕಾರ್ಮಿಕ ಇಲಾಖೆಯದ್ದು, ಸಹಾಯವಾಣಿ 155214.